ಮೊಣಕಾಲ ಮೇಲಿನ ಕೈ

ಮದುವೆಯಾಗಿ ಮೂವತ್ತೊಂದು ವರ್ಷ ನಾನು ನಮ್ಮ ಮನೆಯವರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮೊದಲ ಸಲ ಹೇಳಿದ್ದು ಬಾಗಲಕೋಟೆ ನವನಗರದ ಒಂದು ದವಾಖಾನೆಯ ಕಿಟಕಿಯ ಮುಂದೆ, ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ. ಕಿಟಕಿಯೊಳಗಿನ ಹುಡುಗಿ ತಲೆ ಎತ್ತದೆ "ಪೇಶಂಟ್ ಹೆಸರು?" ಅಂದಳು. "ಇಲ್ಲೇ ನಿಂತಾರಲ್ಲ, ಅವರನ್ನ ಕೇಳವಾ" ಅಂದೆ. ಲಕ್ವಾ ಹೊಡೆದ ಮೇಲೆ ಇವರ ಮಾತು ಎಳೆಯುತ್ತದೆ. "ಶಿ... ವ..." ಎನ್ನುವಷ್ಟರಲ್ಲಿ ಹಿಂದೆ ನಿಂತವರು ಗೊಣಗತೊಡಗಿದರು. ನನಗೆ ಸಿಟ್ಟು ನೆತ್ತಿಗೇರಿತು. "ಶಿವಸಂಗಪ್ಪ! ಬರಕೋ! ಇಳಕಲ್ಲ ನೇಕಾರ ಶಿವಸಂಗಪ್ಪ!" ಎಂದು ಸಾಲಿಗೆಲ್ಲ ಕೇಳುವಂತೆ ಒದರಿದೆ. ಇವರು ನನ್ನ ಕಡೆ ತಿರುಗಿ ಓರೆಯಾದ ಬಾಯಲ್ಲೇ ನಕ್ಕರು. "ಅಂತೂ... ಹೇಳಿದಿ" ಅಂದರು.

ನಾನು ಕಾಳವ್ವ. ನನ್ನ ಬಾಯಿ ಜೋರು ಎಂದು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ. ಮಗ್ಗದ ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳುತ್ತದೆ? ನಮ್ಮದು ಕುಣಿಮಗ್ಗ. ನೇಯುವವರು ಕುಣಿಯ ದಂಡೆಗೆ ಕೂತು ಕಾಲನ್ನು ಒಳಗೆ ಇಳಿಬಿಡುತ್ತಾರೆ. ಬಲಗೈ ಹಗ್ಗ ಜಗ್ಗಿದರೆ ಲಾಳಿ ಟಕ್ ಎಂದು ಈ ಬದಿಯಿಂದ ಆ ಬದಿಗೆ ಓಡುತ್ತದೆ. ಟಕ್ ಅಂದ ಕೂಡಲೇ ಎಡಗೈ ಎಳೆ ಒತ್ತುವ ಹಲಗೆ ಎಳೆದು ಬಡಿಯಬೇಕು, ಕುಣಿಯೊಳಗೆ ತುಳಿಯುವ ಕಾಲು ಬದಲಾಗಬೇಕು. ಹನ್ನೆರಡನೆಯ ವಯಸ್ಸಿನಿಂದ ಇವರು ಇದನ್ನೇ ಮಾಡಿದವರು. ನಾನು ಅವರ ಎಡಮಗ್ಗುಲಿಗೆ ಕೂತು ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದೆ, ಸೆರಗಿನ ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕುತ್ತಿದ್ದೆ. ಒಂದು ಕಣ್ಣು ಮಾತ್ರ ಯಾವಾಗಲೂ ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸಿನ ಮೇಲೆ ಇರುತ್ತಿತ್ತು.

ಎಳೆ ಹರಿದದ್ದು ಅವರಿಗಿಂತ ಮೊದಲು ನನಗೆ ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ಅದನ್ನು ಹೇಗೆ ಹೇಳುವುದು? ಹೆಸರು ಹಿಡಿದು ಕರೆಯುವಂತಿಲ್ಲ, ಅತ್ತೆ ಎದುರಿಗೇ ಕೂತಿರುತ್ತಾಳೆ, ಕೂಗಿದರೂ ಮಗ್ಗದ ಸದ್ದಿನಲ್ಲಿ ಕೇಳಿಸದು. ಒಂದು ದಿನ ತಡೆಯಲಾರದೆ, ಅತ್ತೆಗೆ ಕಾಣದಂತೆ ಸೆರಗಿನ ಮರೆಯಲ್ಲಿ ಅವರ ಮೊಣಕಾಲ ಮೇಲೆ ಕೈ ಇಟ್ಟೆ. ಮಗ್ಗ ಗಪ್ಪನೆ ನಿಂತಿತು. ಅವತ್ತಿನಿಂದ ಅದೇ ನಮ್ಮ ಸನ್ನೆ. ನನ್ನ ಕೈ ಮೊಣಕಾಲ ಮೇಲೆ ಬಿತ್ತೆಂದರೆ ಎಲ್ಲೋ ಎಳೆ ಹರಿದಿದೆ, ನಿಲ್ಲಿಸಬೇಕು. ಅವರು ಕಾಲು ತಡೆದು, ಹಾಸಿನ ಮೇಲೆ ಕಣ್ಣಾಡಿಸಿ, ಹರಿದದ್ದನ್ನು ಹುಡುಕಿ ಗಂಟು ಹಾಕುತ್ತಿದ್ದರು. ನಾನು ಕೈ ತೆಗೆದರೆ ಮತ್ತೆ ಶುರು. ಅತ್ತೆ ಹೋಗಿ ಹದಿನಾಲ್ಕು ವರ್ಷವಾಯಿತು, ಸನ್ನೆ ಹಾಗೇ ಉಳಿಯಿತು.

ಎರಡು ಸಾವಿರದ ಏಳರ ದೀಪಾವಳಿಗೆ ಹದಿನೈದು ದಿನ ಇರುವಾಗ, ನೇಯುತ್ತಿದ್ದಂತೆಯೇ ಬಲಗೈ ಹಗ್ಗ ಬಿಟ್ಟಿತು. ಎಳೆ ಹರಿದಿರಲಿಲ್ಲ, ನಾನು ಕೈ ಇಟ್ಟಿರಲಿಲ್ಲ, ಆದರೂ ಮಗ್ಗ ನಿಂತಿತು. ತಿರುಗಿ ನೋಡಿದರೆ ಇವರು ಬಗ್ಗಿ ನನ್ನ ಮೈಮೇಲೆ ಬೀಳುತ್ತಿದ್ದಾರೆ. ಸಂಕ್ರಾಂತಿ ಹೊತ್ತಿಗೆ ಕಾಲು ಬಂತು. ಮಾತೂ ಹೇಗೋ ತೊದಲುತ್ತ ಬಂತು. ಬಲಗೈ ಮಾತ್ರ ಬರಲಿಲ್ಲ. ಎಣ್ಣೆ ತಿಕ್ಕಿದೆ, ಬಿಸಿ ಉಸುಕಿನ ಗಂಟಿನಿಂದ ಕಾವು ಕೊಟ್ಟೆ, ಬನಶಂಕರಿಗೆ ಹರಕೆ ಹೊತ್ತು ಚೊಳಚಗುಡ್ಡಕ್ಕೆ ಹೋಗಿ ಬಂದೆ. ಕೈ ಸುಮ್ಮನೆ ತೊಡೆಯ ಮೇಲೆ ಬಿದ್ದಿರುತ್ತಿತ್ತು.

ಆದರೂ ಇವರು ದಿನಾ ಮುಂಜಾನೆ ಎದ್ದು, ಮುಖ ತೊಳೆದು, ಮಗ್ಗಕ್ಕೆ ಕೈ ಮುಗಿದು ಕುಣಿಯ ದಂಡೆಗೆ ಕೂಡುತ್ತಿದ್ದರು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಲಾಳಿ ಓಡಿಸುವವರಿಲ್ಲ. ಇವರು ಕಾಲು ತುಳಿಯುತ್ತಿದ್ದರು, ಎಡಗೈಯಿಂದ ಹಲಗೆ ಬಡಿಯುತ್ತಿದ್ದರು. "ಏನ್ರಿ ಇದು, ನೀರಿಲ್ಲದ ಬಾವಿಗೆ ಕೊಡಾ ಬಿಟ್ಟಂಗ" ಎಂದು ನಾನು ಅಂದರೆ, "ಕೈ ಬರೂದ್ರೊಳಗ... ಕಾಲು ಮರೀಬಾರದಲ್ಲ" ಎನ್ನುತ್ತಿದ್ದರು. ಬೈಯುವ ಬಾಯಿ ನನ್ನದು, ಆಗ ಮಾತ್ರ ಬೈಗಳು ಬರುತ್ತಿರಲಿಲ್ಲ.

ನನ್ನ ಮೈದುನ ಪ್ರಭು ನಮ್ಮ ಜೊತೆಗೇ ಇದ್ದಾನೆ. ಕೆಟ್ಟವನಲ್ಲ. ಬೇರೆಯವರ ಪಾವರ್‌ಲೂಮಿನಲ್ಲಿ ದುಡಿಯುತ್ತಾನೆ. ಕುಣಿ ಮುಚ್ಚಿ, ನೆಲಕ್ಕೆ ಗಚ್ಚು ಹಾಕಿ, ನಮ್ಮದೇ ಎರಡು ಪಾವರ್‌ಲೂಮ್ ಕೂಡಿಸೋಣ ಎಂಬುದು ಅವನ ಆಸೆ. ಮನೆಯಲ್ಲಿ ಇರುವುದು ಮಗ್ಗ ಇರುವ ಅದೊಂದೇ ಪಡಸಾಲೆ. ಅಣ್ಣ ಮಗ್ಗದ ಮೇಲೆ ಕೂತಿರುವಾಗ ಅವನು ಬಾಯಿ ಬಿಡಲಿಲ್ಲ, ಲಕ್ವಾ ಹೊಡೆದ ಮೇಲೂ ಐದಾರು ತಿಂಗಳು ಬಿಡಲಿಲ್ಲ. ಯುಗಾದಿಯ ಮರುದಿನ ಬಿಟ್ಟ.

"ವೈನಿ, ಕೈ ಬರ್ತೈತೋ ಇಲ್ಲೋ ಒಂದು ಖರೆ ಗೊತ್ತಾಗ್ಲಿ. ಬರ್ತೈತಿ ಅಂದ್ರ ನಾ ಕುಣಿ ಮುಟ್ಟೂದಿಲ್ಲ, ಆಣಿ. ಬರೂದಿಲ್ಲ ಅಂತ ಗೊತ್ತಾತಂದ್ರ ಅಣ್ಣ ನನಗ ಅಡ್ಡ ಬರಬಾರದು."

ಇವರು ಅಲ್ಲೇ ಕೂತಿದ್ದರು. "ಆತು. ಗೊತ್ತಾಗ್ಲಿ" ಅಂದರು. ಅಣ್ಣ ತಮ್ಮ ಇಬ್ಬರೂ ನನ್ನ ಮುಖ ನೋಡಿದರು, ನಾನೇ ಆ ಕೈಯೊಳಗೆ ಹೋಗಿ ಕೇಳಿಕೊಂಡು ಬರುವವಳ ಹಾಗೆ.

ಕೈಯ ಖರೆ ಹೇಳುವವರು ಬಾಗಲಕೋಟೆಗೆ ಬಂದಿದ್ದಾರೆ ಎಂದು ತಿಳಿದದ್ದು ಹುನಗುಂದದ ಡಾಕ್ಟರರಿಂದ. ಮೈಸೂರು ಕಡೆಯ ಒಬ್ಬ ಡಾಕ್ಟರ್ ಬಾಯಿ, ಹೆಸರು ಗೀತಾಂಜಲಿ, ಲಕ್ವಾ ಹೊಡೆದವರ ಮೆದುಳಿನ ಮೇಲೆ ಏನೋ ಸಂಶೋಧನೆ ಮಾಡುತ್ತಿದ್ದಾರೆ, ಹೋಗಿ ಬರ್ರಿ ಅಂದರು. ಹೋದೆವು. ಮೂವತ್ತೈದರ ಹೆಣ್ಣುಮಗಳು, ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಮಾತಾಡುತ್ತಾಳೆ. ಆದರೆ ಕಣ್ಣಲ್ಲಿ ಸೊಕ್ಕಿರಲಿಲ್ಲ.

"ನೋಡಿ ಅಮ್ಮ, ಬಲಗೈಯನ್ನು ಆಡಿಸುವ ಜಾಗ ಮೆದುಳಿನ ಎಡಗಡೆ ಇದೆ. ತಲೆಯ ಹೊರಗಿನಿಂದಲೇ, ಕಾಂತದ ಒಂದು ಮಿಡಿತ ಕೊಟ್ಟು, ನಾವು ಆ ಜಾಗವನ್ನು ತಟ್ಟುತ್ತೇವೆ. ಅದೇ ಹೊತ್ತಿಗೆ ಎಂ.ಆರ್.ಐ. ಯಂತ್ರ ಮೆದುಳಿನ ಚಿತ್ರ ತೆಗೆಯುತ್ತದೆ. ತಟ್ಟಿದಾಗ ಒಳಗೆ ಎಲ್ಲೆಲ್ಲಿ ಎಚ್ಚರವಾಗುತ್ತದೆ ಎಂದು ಕಾಣುತ್ತದೆ. ಇದು ಪರೀಕ್ಷೆ ಮಾತ್ರ. ಚಿಕಿತ್ಸೆ ಅಲ್ಲ. ಇದರಿಂದ ಕೈ ಬರುವುದಿಲ್ಲ. ಕೈ ಬರುವ ದಾರಿ ಉಳಿದಿದೆಯೇ ಎಂಬುದು ಬಹುಶಃ ತಿಳಿಯುತ್ತದೆ."

ಈ ಮಾತನ್ನು ಅವರು ಮೂರು ಸಲ ಹೇಳಿದರು. ನಾನು ಮೂರು ಸಲ ಗೋಣು ಹಾಕಿದೆ. ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಅಷ್ಟು ದೊಡ್ಡ ಯಂತ್ರ ಇಟ್ಟುಕೊಂಡು ಬರೀ ನೋಡಿ ಕಳಿಸುತ್ತಾರೆಯೇ, ಏನಾದರೂ ಮಾಡೇ ಮಾಡುತ್ತಾರೆ ಎಂದುಕೊಂಡೆ. ಇವರು ಒಪ್ಪಿಗೆ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿದರು.

ಮೊದಲು ಒಂದು ಸಣ್ಣ ಕೋಣೆಯಲ್ಲಿ ಕೂಡಿಸಿದರು. ಎಂಟರ ಅಂಕಿಯ ಹಾಗೆ ಸುತ್ತಿದ ಒಂದು ಸುರುಳಿ, ಅದಕ್ಕೊಂದು ಹಿಡಿಕೆ. ಡಾಕ್ಟರ್ ಬಾಯಿ ಅದನ್ನು ತಲೆಯ ಬಲಗಡೆ ಇಟ್ಟು ಗುಂಡಿ ಒತ್ತಿದರು. ಟಕ್. ಇವರ ಎಡಗೈ ಹೆಬ್ಬೆರಳು ತಾನಾಗಿಯೇ ಟಣ್ಣನೆ ಹಾರಿತು.

"ನಾ ಏನೂ ಮಾಡಿಲ್ರಿ!" ಎಂದು ಇವರು ಗಾಬರಿಯಾದರು. ಕಳ್ಳತನ ಮಾಡಿ ಸಿಕ್ಕವರ ಮುಖ. ಡಾಕ್ಟರ್ ಬಾಯಿ ನಕ್ಕರು, ನಾನೂ ಬಿದ್ದು ಬಿದ್ದು ನಕ್ಕೆ. "ನೀವು ಮಾಡಿಲ್ಲ, ನಾನು ಮಾಡಿದ್ದು" ಅಂದರು ಅವರು. ಆಗ ನನ್ನೊಳಗೆ ಆಸೆ ಎದ್ದು ಕೂತಿತು. ಗುಂಡಿ ಒತ್ತಿದರೆ ಬೆರಳು ಏಳುವುದಾದರೆ ಇನ್ನೇನು ಬೇಕು!

ಆಮೇಲೆ ಸುರುಳಿ ಎಡಗಡೆಗೆ ಬಂತು. ಟಕ್. ಬಲಗೈ ಹೆಬ್ಬೆರಳು ಮಿಸುಕಲಿಲ್ಲ. ಸುರುಳಿಯನ್ನು ಒಂದು ಬೆರಳಷ್ಟು ಈಚೆ ಇಟ್ಟರು, ಆಚೆ ಇಟ್ಟರು. ಟಕ್, ಟಕ್. ಇವರ ಎಡ ಹುಬ್ಬು ಅದುರಿತು, ರೆಪ್ಪೆ ಅದುರಿತು, ಕೈ ಮಾತ್ರ ದಿಂಬಿನ ಮೇಲೆ ಇಟ್ಟಲ್ಲೇ ಇತ್ತು.

"ಇನ್ನಷ್ಟು ಜೋರ ಹೊಡೀರಿ ಬಾಯಾರ!" ಅಂದೆ.

"ಇದಕ್ಕಿಂತ ಜೋರು ಇಲ್ಲ, ಅಮ್ಮ."

ಡಾಕ್ಟರ್ ಬಾಯಿ ಸುರುಳಿ ಕೆಳಗಿಟ್ಟರು. ಆಮೇಲೆ ಹೇಳಿದರು. "ಇಷ್ಟರಿಂದ ತೀರ್ಮಾನ ಬೇಡ. ಬೆರಳು ಅಲುಗದಿದ್ದರೂ ಒಳಗೆ ಸ್ವಲ್ಪ ದಾರಿ ಉಳಿದಿರಬಹುದು. ಎಂ.ಆರ್.ಐ. ಒಳಗೆ ಮಲಗಿಸಿ ಇದನ್ನೇ ಮಾಡಿದರೆ ಗೊತ್ತಾಗುತ್ತದೆ. ಯಂತ್ರದೊಳಗೆ ಇಡುವ ಬೇರೆ ಸುರುಳಿ ಇದೆ, ಬೇರೆ ಸಂಸ್ಥೆಯಿಂದ ಎರವಲು ತಂದದ್ದು. ಹತ್ತು ದಿನದಲ್ಲಿ ವಾಪಸು ಹೋಗುತ್ತದೆ. ಅಷ್ಟರಲ್ಲಿ ಮುಗಿಸೋಣ."

ಎಂ.ಆರ್.ಐ. ನಡೆಸುವವನು ಜಲಾಲುದ್ದೀನ, ಹುನಗುಂದದವನು. ನಮ್ಮ ಮಾತು ಕೇಳಿ ಜೀವ ಬಂದವನಂತೆ ಹತ್ತಿರ ಬಂದ. "ಕಾಕಾರ, ಮೈಮ್ಯಾಲ ಕಬ್ಬಣ, ಬೆಳ್ಳಿ, ಏನೂ ಇರಬಾರದು. ಇದರೊಳಗ ಒಂದು ಟಾಚಣಿ ಸೂಜಿ ಹೋದ್ರೂ ಗುಂಡಿನಂಗ ಹಾರ್ತೈತಿ" ಅಂದ. ಉಡದಾರ ಬಿಚ್ಚಿಸಿದ, ಬೆರಳಿನ ಉಂಗುರ ತೆಗೆಸಿದ. ಕಿವಿಗೆ ಹತ್ತಿ ತುರುಕಿ, ತಲೆಯ ಎಡಗಡೆ ಸುರುಳಿ ಕೂಡಿಸಿ, ಕೊಳವೆಯಂಥ ಯಂತ್ರದೊಳಗೆ ತಳ್ಳಿದ. "ಅಲ್ಲಾಡಬ್ಯಾಡ್ರಿ. ಇಪ್ಪತ್ತು ನಿಮಿಷ ಅಷ್ಟ. ಕೂದಲೆಳಿಯಷ್ಟು ತಲಿ ಸರದ್ರೂ ಚಿತ್ರ ಕೆಡ್ತೈತಿ."

ಚಿತ್ರ ಕೆಟ್ಟಿತು. ಎರಡು ದಿನ ಬಿಟ್ಟು ಮತ್ತೆ ಹೋದೆವು. ಆ ದಿನ ತೊಡೆಗೂ ಕಣಕಾಲಿಗೂ ಬಟ್ಟೆಯ ಪಟ್ಟಿ ಬಿಗಿದರು. ಮೊದಲಿಗಿಂತ ಹೆಚ್ಚು ಕೆಟ್ಟಿತು. ಹೊರಗೆ ಬಂದ ಇವರು ಬೆವರಿನಲ್ಲಿ ತೊಯ್ದಿದ್ದರು. "ನಾ ಅಲ್ಲಾಡಿಲ್ರಿ" ಎಂದು ಪ್ರಮಾಣ ಮಾಡಿದರು. ನಾನು ಬಿಡುತ್ತೇನೆಯೇ? "ಇಪ್ಪತ್ತು ನಿಮಿಷ ಸುಮ್ಮ ಬಿದ್ದಕೊಳ್ಳಾಕ ನಿಮಗೇನ ಧಾಡಿ? ಇನ್ನ ಒಂದ ಸಲ ಐತಿ, ಒಂದ! ಆಮ್ಯಾಲ ಆ ಸುರುಳಿ ಹೋಗಿಬಿಡ್ತೈತಿ!" ಎಂದು ಎಲ್ಲರೆದುರು ರೇಗಿದೆ. ಇವರು ತಲೆ ತಗ್ಗಿಸಿದರು. ಯಾಕೆ ಹಾಗೆ ರೇಗಿದೆನೋ.

ಡಾಕ್ಟರ್ ಬಾಯಿ ಕಂಪ್ಯೂಟರಿನ ಮುಂದೆ ಕೂತು ಹಣೆ ಒತ್ತಿಕೊಂಡರು. "ಪ್ರತಿ ಮಿಡಿತಕ್ಕೂ ಸರಿಯಾಗಿ ತಲೆ ಸರಿಯುತ್ತಿದೆ. ಯಾಕೆ ಅಂತ ಗೊತ್ತಾಗುತ್ತಿಲ್ಲ." ಜಲಾಲುದ್ದೀನ "ಇನ್ನೊಂದು ಐದು ನಿಮಿಷ ಪಟ್ಟಿ ಬಿಚ್ಚಿ ನೋಡೂಣೇನ್ರಿ, ಚಿತ್ರ ಬ್ಯಾಡ, ಬರೇ ನೋಡೂದು" ಅಂದ. ಪಟ್ಟಿ ಬಿಚ್ಚಿ ಮತ್ತೆ ಒಳಗೆ ತಳ್ಳಿದರು. ನಾನು ಗಾಜಿನ ಕಿಟಕಿಗೆ ಮೂಗು ಹಚ್ಚಿ ನಿಂತೆ. ಕೊಳವೆಯ ಹೊರಗೆ ಇವರ ಹೊಟ್ಟೆಯೂ ಎರಡು ಕಾಲೂ ಕಾಣುತ್ತಿದ್ದವು.

ಟಕ್. ಎಡಗಾಲು ಇಳಿಯಿತು. ಟಕ್. ಬಲಗಾಲು ಇಳಿಯಿತು. ಟಕ್. ಎಡಗಾಲು. ಹೊಟ್ಟೆಯ ಮೇಲಿದ್ದ ಎಡಗೈ ಸಣ್ಣಗೆ ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು.

"ಅಯ್ಯ ನನ್ನ ಶಿವನ!" ಅಂದೆ. "ಇವರು ನೇಯಾಕ ಹತ್ಯಾರ!"

ಡಾಕ್ಟರ್ ಬಾಯಿಗೆ ತಿಳಿಯಲಿಲ್ಲ. ನಾನು ಅಲ್ಲೇ ಕುರ್ಚಿಯ ಮೇಲೆ ಕೂತು, ಹಗ್ಗ ಜಗ್ಗಿ, ಹಲಗೆ ಬಡಿದು, ಕಾಲು ತುಳಿದು ತೋರಿಸಿದೆ. ಲಾಳಿ ಟಕ್ ಅಂದರೆ ಕಾಲು ಬದಲಾಗಬೇಕು, ನಲವತ್ತು ವರ್ಷದಿಂದ ಬದಲಾಗುತ್ತಾ ಬಂದಿದೆ, ಆ ಮನುಷ್ಯನಿಗೆ ಅದು ಗೊತ್ತೂ ಆಗುವುದಿಲ್ಲ ಎಂದೆ. ಹೇಳುತ್ತ ಹೇಳುತ್ತ ನಗು ಬಂತು, ಅದರ ಹಿಂದೆಯೇ ಅಳು. ಎಲ್ಲರೆದುರು ರೇಗಿದ್ದೆನಲ್ಲ. ಅವರು ಸುಳ್ಳು ಪ್ರಮಾಣ ಮಾಡಿರಲಿಲ್ಲ.

"ಶಬ್ದ ಇಲ್ಲದಂತೆ ಮಾಡಲಾರೆ. ಕಿವಿ ಮುಚ್ಚಿದರೂ ತಲೆಬುರುಡೆಯ ಮೂಲಕ ಕೇಳುತ್ತದೆ" ಅಂದರು ಡಾಕ್ಟರ್ ಬಾಯಿ. "ನಿಮ್ಮ ಯಜಮಾನರನ್ನು ಅಧ್ಯಯನದಿಂದ ಬಿಡಬೇಕಾಗುತ್ತದೆ, ಅಮ್ಮ."

"ಬಿಡಬ್ಯಾಡ್ರಿ. ನಾ ಒಳಗ ಕುಂದ್ರತೇನಿ. ಮೊಣಕಾಲ ಮ್ಯಾಲ ನಾ ಕೈ ಇಟ್ರ ಅವರ ಕಾಲು ಏಳೂದಿಲ್ಲ."

ಡಾಕ್ಟರ್ ಬಾಯಿ ಕಂಪ್ಯೂಟರಿನ ಕಡೆ ತಿರುಗಿ ಏನೋ ಲೆಕ್ಕ ಹಾಕಿದರು. ಮುಟ್ಟಿದ್ದೂ ಚಿತ್ರದಲ್ಲಿ ಕಾಣುತ್ತದಂತೆ. ಆದರೆ ಇಪ್ಪತ್ತು ನಿಮಿಷವೂ ಒಂದೇ ಭಾರದಲ್ಲಿ, ಒಂಚೂರೂ ಸರಿಸದೆ ಇಟ್ಟರೆ ಲೆಕ್ಕದಲ್ಲಿ ಅದನ್ನು ಕಳೆಯಬಹುದಂತೆ. "ನಿಮಗೆ ಅಷ್ಟು ಹೊತ್ತು ಅಲ್ಲಾಡದೆ ಕೂರಲು ಆಗುತ್ತದೆಯೇ?" ಎಂದು ಕೇಳಿದರು. ಇವರು ಹೊರಗೆ ಬಂದು ನಿಂತಿದ್ದರು. "ಆಕಿಗಾ? ಬಾಯಿ... ಮೊದಲು ಅಲ್ಲಾಡ್ತೈತಿ" ಅಂದರು.

ಮೂರು ದಿನ ಬಿಟ್ಟು ಮತ್ತೆ ಬಂದೆವು. ಸುರುಳಿ ಮರುದಿನ ಹೊರಡುವುದಿತ್ತು. ಒಳಗೆ ಹೋಗುವವರು ಯಾರೇ ಆಗಲಿ, ಮೈಮೇಲೆ ಲೋಹ ಇರಬಾರದು. ಜಲಾಲುದ್ದೀನ ನನ್ನ ಕೊರಳು ನೋಡಿ ತಲೆ ಕೆರೆದುಕೊಂಡ. "ಚಿಗವ್ವಾ, ತಾಳಿ... ಕಾಲುಂಗುರ..." ಎಂದು ತೊದಲಿದ. ಅವನಿಗೆ ಹೇಳಲಿಕ್ಕೆ ನಾಚಿಕೆ.

ಗಂಡ ಬದುಕಿರುವಾಗ, ಅದೂ ಅವನು ಕೊಳವೆಯೊಳಗೆ ಮಲಗುವ ಹೊತ್ತಿನಲ್ಲಿ, ತಾಳಿ ತೆಗೆ ಎಂದರೆ ಯಾವ ಹೆಣ್ಣು ಸುಮ್ಮನೆ ತೆಗೆದಾಳು? ದಾರ ಸವೆದು ತಾಳಿ ಮತ್ತೆ ಪೋಣಿಸುವಾಗಲೂ ಕೊರಳು ಬರಿದು ಬಿಡುವುದಿಲ್ಲ ನಮ್ಮಲ್ಲಿ, ಅರಿಷಿಣ ಕೊಂಬು ಕಟ್ಟಿಕೊಂಡೇ ಪೋಣಿಸುವುದು. ಇವರ ಉಡದಾರ ಬಿಚ್ಚಿಸಿದ್ದನ್ನು ನೋಡಿದ್ದರಿಂದ ನನಗೂ ಹೀಗಾಗುತ್ತದೆಂದು ತಿಳಿದು ಕೊಂಬನ್ನೂ ಅರಿಷಿಣ ಹಚ್ಚಿದ ದಾರವನ್ನೂ ಮನೆಯಿಂದ ತಂದಿದ್ದೆ. ಮೊದಲು ಕೊಂಬು ಕಟ್ಟಿಕೊಂಡೆ, ಆಮೇಲೆ ತಾಳಿ ತೆಗೆದೆ. ಮೂಗುಬೊಟ್ಟು ಬಂತು. ಕಾಲುಂಗುರ ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಬೆರಳು ಅದರ ಸುತ್ತ ಬೆಳೆದುಬಿಟ್ಟಿತ್ತು. ದವಾಖಾನೆಯ ಆಯಾ ಸಾಬೂನು ನೀರು ತಂದು ತಿಕ್ಕಿ ತಿಕ್ಕಿ ಎಳೆದಳು, ಚರ್ಮ ಸುಲಿದು ರಕ್ತ ಬಂತು. ಎಲ್ಲವನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿ ಆಯಾಳ ಕೈಗೆ ಕೊಟ್ಟೆ. ಇವರು ನೋಡುತ್ತಲೇ ಇದ್ದರು. "ಇರಲಿ ಬಿಡು ಕಾಳಿ, ಹೋಗೂಣು ಮನಿಗೆ" ಅಂದರು. "ಸುಮ್ಮ ಮಲಗ್ರಿ" ಅಂದೆ.

ಒಳಗೆ ತಣ್ಣಗಿತ್ತು. ಮರದ ಸ್ಟೂಲಿನ ಮೇಲೆ ಕೂತು ಇವರ ಎಡ ಮೊಣಕಾಲ ಮೇಲೆ ನನ್ನ ಬಲಗೈ ಇಟ್ಟೆ. ಯಂತ್ರ ಪಾವರ್‌ಲೂಮಿನ ಹಾಗೆ ಬಡಿಯತೊಡಗಿತು. ನಡುನಡುವೆ, ಆ ಗದ್ದಲದ ಒಳಗಿಂದ, ಟಕ್. ಅಂಗೈ ಕೆಳಗೆ ತೊಡೆಯ ನರ ಬಿಗಿಯಿತು, ಇಳಿಯಲು ಹೊರಟಿತು, ನಿಂತಿತು. ಟಕ್. ಬಿಗಿಯಿತು, ನಿಂತಿತು. ಕಾಲು ಕೇಳುತ್ತಿತ್ತು, ನನ್ನ ಕೈ ಬೇಡ ಅನ್ನುತ್ತಿತ್ತು. ನೆತ್ತಿಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂದರೂ ಒರೆಸಲಿಲ್ಲ. ಕಾಲುಂಗುರ ಕಿತ್ತ ಬೆರಳು ಉರಿಯುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಗಂಡ ಹೆಂಡತಿ ಇಷ್ಟು ಹೊತ್ತು ಕೆಲಸವಿಲ್ಲದೆ, ಜಗಳವಿಲ್ಲದೆ, ಒಂದೇ ಕಡೆ ಇದ್ದದ್ದು ಅದೇ ಮೊದಲು. ದೇವರೇ, ಎಷ್ಟು ಬೇಕೋ ಅಷ್ಟು ತಟ್ಟು, ಒಂದು ಸಲ ಎಚ್ಚರಾಗಲಿ ಎಂದು ಬೇಡಿಕೊಂಡೆ.

ಹೊರಗೆ ಬಂದಾಗ ಜಲಾಲುದ್ದೀನ ಕುಣಿದಾಡುತ್ತಿದ್ದ. "ಕಾಕಾರ, ಕಲ್ಲಿನಂಗ ಇದ್ರಿ ನೋಡ್ರಿ! ಬರೋಬ್ಬರಿ ಬಂದೈತಿ!" ಇವರ ಮುಖ ಅರಳಿತು. ಇಡೀ ದಾರಿ, ಬಸ್ಸಿನಲ್ಲಿ, "ಪಾಸಾದೆ ಕಾಳಿ, ಪಾಸಾದೆ" ಅನ್ನುತ್ತಿದ್ದರು. ಅಲ್ಲಾಡದೆ ಮಲಗುವುದೇ ಪರೀಕ್ಷೆ, ಅದರಲ್ಲಿ ಗೆದ್ದರೆ ಕೈ ಬರುತ್ತದೆ ಎಂದು ಅವರು ತಿಳಿದುಬಿಟ್ಟಿದ್ದರು. ನಾನೂ ತಿದ್ದಲಿಲ್ಲ. ಅರ್ಧ ನಾನೂ ಹಾಗೇ ತಿಳಿದಿದ್ದೆ, ಸುಳ್ಳು ಯಾಕೆ ಹೇಳಲಿ.

ವಾರ ಬಿಟ್ಟು ಫಲಿತಾಂಶಕ್ಕೆ ಕರೆದರು. ಡಾಕ್ಟರ್ ಬಾಯಿ ಮೊದಲು ನನ್ನೊಬ್ಬಳನ್ನೇ ಒಳಗೆ ಕರೆದರು. ಇವರು ಜಲಾಲುದ್ದೀನನ ಜೊತೆ ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತರು.

"ಇಷ್ಟು ಸ್ವಚ್ಛ ಚಿತ್ರ ನನಗೆ ಈವರೆಗೆ ಯಾರಿಂದಲೂ ಸಿಕ್ಕಿರಲಿಲ್ಲ" ಅಂದರು ಅವರು. ಪಾಪ, ಸಂತೋಷದಿಂದಲೇ ಅಂದರು. ಮರುಗಳಿಗೆ ಆ ಸಂತೋಷಕ್ಕೆ ತಾವೇ ನಾಚಿಕೊಂಡರು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. "ಇದು ಬೇರೆ ಒಬ್ಬರದು, ಕೈ ಬಂದವರದು. ತಟ್ಟಿದಾಗ ನೋಡಿ, ಈ ಜಾಗ, ಈ ಜಾಗ, ಆಚೆ ಬದಿಯಲ್ಲೂ." ಕುಂಕುಮ ಚೆಲ್ಲಿದ ಹಾಗೆ ಅಲ್ಲಲ್ಲಿ ಕೆಂಪಗಿತ್ತು. "ಇದು ನಿಮ್ಮ ಯಜಮಾನರದು."

ಎಲ್ಲವೂ ಬೂದುಬಣ್ಣ. ನಾನು ಕಣ್ಣು ತಿಕ್ಕಿಕೊಂಡು ಮತ್ತೆ ನೋಡಿದೆ. ಮುಖ ಹತ್ತಿರ ಒಯ್ದು ನೋಡಿದೆ. ಹಾಸಿನಲ್ಲಿ ಕೂದಲೆಳೆ ಹುಡುಕುವ ಕಣ್ಣು ನನ್ನದು, ಒಂದು ಕೆಂಪು ಚುಕ್ಕೆಯೂ ಸಿಗಲಿಲ್ಲ.

"ಎಲ್ಲೂ ಇಲ್ಲೇನ್ರಿ?"

"ಇಲ್ಲ, ಅಮ್ಮ."

"ಇದರಾಗ ತಪ್ಪು ಇರಬಹುದಲ್ರಿ?"

"ಚಿತ್ರ ಕೆಟ್ಟಿದ್ದರೆ ಹಾಗೆ ಹೇಳಬಹುದಿತ್ತು." ಅವರು ನನ್ನ ಕೈ ಹಿಡಿದುಕೊಂಡರು. "ನೂರಕ್ಕೆ ನೂರು ಎಂದು ನಾನು ಯಾವುದನ್ನೂ ಹೇಳುವುದಿಲ್ಲ. ಆದರೆ ಏಳು ತಿಂಗಳಾಗಿದೆ, ಬೆರಳೂ ಅಲುಗಲಿಲ್ಲ, ಒಳಗೂ ಎಚ್ಚರವಿಲ್ಲ. ಹೀಗೆ ಬಂದ ಯಾರಿಗೂ ನೇಯುವಂಥ ಕೈ ಬಂದದ್ದನ್ನು ನಾನು ನೋಡಿಲ್ಲ. ಅವರಿಗೆ ನಾನು ಹೇಳಲೇ? ನೀವು ಹೇಳುತ್ತೀರಾ?"

"ನಾನ ಹೇಳ್ತೇನಿ" ಅಂದೆ.

ಹೊರಗೆ ಬರುವಾಗ ಒಂದೇ ಮಾತು ತಲೆಯಲ್ಲಿ. ಯಾಕೆ ಕೈ ಇಟ್ಟೆ? ಕಾಲು ಆಡಿಸಿಕೊಂಡಿದ್ದರೆ ಚಿತ್ರ ಕೆಡುತ್ತಿತ್ತು. ಕೆಟ್ಟ ಚಿತ್ರ ನೋಡಿ ಯಾರೂ ಕೈ ಬರುವುದಿಲ್ಲ ಅನ್ನುವಂತಿರಲಿಲ್ಲ. ಸುರುಳಿ ತನ್ನ ಪಾಡಿಗೆ ಹೋಗುತ್ತಿತ್ತು, ನಾವು ನಮ್ಮ ಪಾಡಿಗೆ ಇಳಕಲ್ಲಿಗೆ ಬರುತ್ತಿದ್ದೆವು, ಇವತ್ತಲ್ಲ ನಾಳೆ ಕೈ ಬರುತ್ತದೆ ಎಂದುಕೊಂಡೇ ಇರುತ್ತಿದ್ದೆವು. ಕೊರಳ ತಾಳಿ ತೆಗೆದು, ಬೆರಳ ಚರ್ಮ ಸುಲಿಸಿಕೊಂಡು, ಬೇಡ ಬೇಡ ಎನ್ನುವವರನ್ನು ಮಲಗಿಸಿ, ಅದನ್ನು ಅಷ್ಟು ಸ್ವಚ್ಛ ಮಾಡಿದವಳು ನಾನೇ.

"ಏನಂದ್ರು?" ಅಂದರು ಇವರು.

"ಮನಿಗೆ ನಡೀರಿ, ಹೇಳ್ತೇನಿ. ಬಸ್ ತಪ್ಪತೈತಿ."

ಬಸ್ಸು ಅಮೀನಗಡದಲ್ಲಿ ನಿಂತಿತು. ಇವರು ಕಿಟಕಿಯಿಂದ ಕರದಂಟಿನ ಅಂಗಡಿ ತೋರಿಸಿದರು. "ಪ್ರಭೂನ ಮಕ್ಕಳಿಗೆ ತಗೋ. ಕೈ ಬರೂ ಸುದ್ದಿ... ಬರೀ ಬಾಯಿಲೆ ಹ್ಯಾಂಗ ಹೇಳೂದು?" ಆಗಲೇ ಹೇಳಬೇಕಿತ್ತು. ಬಾಯಿ ಜೋರಿನ ಕಾಳವ್ವ ಕೆಳಗಿಳಿದು ಸುಮ್ಮನೆ ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು ಬಂದಳು. ಹುನಗುಂದ ದಾಟುವಾಗ ಅವರು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಬಲಗೈ ಸೀಟಿನಿಂದ ಜಾರಿ ಜೋತಾಡುತ್ತಿತ್ತು. ಎತ್ತಿ ತೊಡೆಯ ಮೇಲೆ ಇಟ್ಟೆ, ಮತ್ತೆ ಜಾರಿತು, ಮತ್ತೆ ಇಟ್ಟೆ.

ಮನೆಯಲ್ಲಿ ಪ್ರಭು ಏನೂ ಕೇಳಲಿಲ್ಲ. ಮಕ್ಕಳು ಕರದಂಟು ತಿನ್ನುವುದನ್ನು ನೋಡಿ, ಒಳ್ಳೆಯ ಸುದ್ದಿಯೇ ಇರಬೇಕು ಎಂದುಕೊಂಡನೋ ಏನೋ, "ಚಲೋ ಆತು ಅಣ್ಣಾ" ಎಂದು ಅಣ್ಣನ ಬೆನ್ನು ತಟ್ಟಿ ಒಳಗೆ ಹೋದ. ಅವನ ದನಿಯಲ್ಲಿ ಕಪಟವಿರಲಿಲ್ಲ.

ಮುಂಜಾನೆ ಇವರು ನನಗಿಂತ ಮೊದಲೇ ಎದ್ದಿದ್ದರು. ಮುಖ ತೊಳೆದು, ವಿಭೂತಿ ಹಚ್ಚಿ, ಮಗ್ಗದ ಧೂಳು ಜಾಡಿಸಿ ಕುಣಿಗೆ ಕಾಲು ಬಿಟ್ಟು ಕೂತರು. ಆ ದಿನ ಲಾಳಿಗೆ ಹೊಸ ಕಂಡಿಕೆ ಬೇರೆ ಹಾಕಿಟ್ಟಿದ್ದರು, ಒಂದೇ ಕೈಯಲ್ಲಿ ಹೇಗೆ ಹಾಕಿದರೋ. ಕಾಲು ತುಳಿಯತೊಡಗಿದರು. ಹಲಗೆ ಬಡಿಯತೊಡಗಿದರು. ಬಾಯಲ್ಲೇ "ಟಕ್... ಟಕ್" ಎಂದು ಲೆಕ್ಕ ಹಿಡಿಯುತ್ತಿದ್ದರು. ಪ್ರಭು ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನಿಂತಿದ್ದ.

"ಕಾಳಿ," ಅಂದರು ಇವರು, ಕಾಲು ನಿಲ್ಲಿಸದೆ. "ಡಾಕ್ಟರ್ ಬಾಯಾರು... ಎಷ್ಟು ದಿನ ಅಂದ್ರು? ಶ್ರಾವಣದೊಳಗ ಬರ್ತೈತೇನು?"

ನಾನು ಬಂದು ಅವರ ಎಡಮಗ್ಗುಲಿಗೆ, ನನ್ನ ಜಾಗದಲ್ಲಿ ಕೂತೆ. ಬಾಯಿ ತೆರೆದೆ. ಜೀವಮಾನವಿಡೀ ಬೇಕಾದ್ದು ಬೇಡವಾದ್ದು ಒದರಿದ ಬಾಯಿ, ಒಂದು ಮಾತು ಹೊರಡಲಿಲ್ಲ. ಅವರು ತುಳಿಯುತ್ತಲೇ ಇದ್ದರು. ನೋಡಲಾಗಲಿಲ್ಲ ನನಗೆ.

ಮೊಣಕಾಲ ಮೇಲೆ ಕೈ ಇಟ್ಟೆ.

ಕಾಲು ನಿಂತಿತು. ಅಭ್ಯಾಸದಂತೆ ಅವರ ಕಣ್ಣು ಹಾಸಿನ ಮೇಲೆ ಹೋಯಿತು. ಈ ಅಂಚಿನಿಂದ ಆ ಅಂಚಿನ ತನಕ ನೋಡಿದರು. "ಎಲ್ಲಿ ಹರದೈತಿ?" ಅಂದರು. ನಾನು ಕೈ ತೆಗೆಯಲಿಲ್ಲ. ಅವರು ಮುಂದಕ್ಕೆ ಬಗ್ಗಿ, ಎಡಗೈಯ ತೋರುಬೆರಳಿನಿಂದ ಎಳೆಗಳನ್ನು ಒಂದೊಂದಾಗಿ ಸವರುತ್ತ ಮತ್ತೆ ಹುಡುಕಿದರು. "ಎಲ್ಲಾ ಬರೋಬ್ಬರಿ ಅದಾವಲ್ಲ, ಕಾಳಿ" ಅಂದರು. ಬೆರಳು ಬಲ ಅಂಚಿನ ತನಕ ಹೋಯಿತು. ಅಲ್ಲಿ, ಬಲಗೈ ಜಗ್ಗುತ್ತಿದ್ದ ಹಗ್ಗದ ಹಿಡಿಕೆ ಜೋತಾಡುವ ಕಡೆ, ನಿಂತಿತು.

ಅವರು ಆ ಹಿಡಿಕೆಯನ್ನೇ ನೋಡಿದರು. ಬಾಗಿಲಲ್ಲಿದ್ದ ಪ್ರಭು ಚಪ್ಪಲಿ ಬಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ.

ನನ್ನ ಅಂಗೈ ಕೆಳಗೆ ತೊಡೆಯ ಬಿಗಿ ಸಡಿಲಾಯಿತು.

"ಹೌದಾ" ಅಂದರು.